ಕಿಂಡರ್‌ಗಾರ್ಟನ್ ಅಂದ್ರ ಏನ್ರಿ ಅಕ್ಕೋರ?

ಗದಗದ ಒಂದು ಸಣ್ಣ ಶಾಲೆ. ಮೊಮ್ಮಗಳು ಸಿಂಚನಾಳನ್ನು ಎಲ್‌ಕೆಜಿಗೆ ಬಿಡಲು ಹುಲಿಗೆವ್ವ ದಿನಾ ಬರುತ್ತಿದ್ದಳು.

ಮಗು ಅಜ್ಜಿಯ ಸೆರಗು ಬಿಡುತ್ತಿರಲಿಲ್ಲ... ಒಂದೇ ಸಮನೆ ಅಳು.

ವಾರಗಳು ಕಳೆದರೂ ಅಳು ನಿಲ್ಲಲಿಲ್ಲ. ಕೊನೆಗೆ ಹುಲಿಗೆವ್ವ ಸೋತು, ಟೀಚರ್ ವಿನುತಾಳಿಗೆ ಹೇಳಿದಳು, "ಈ ವರ್ಷ ಸಾಲಿ ಬ್ಯಾಡ ಬಿಡ್ರಿ ಅಕ್ಕೋರ. ಮನಿಗೆ ಕರಕೊಂಡು ಹೋಗ್ತೀನಿ."

ಹೊರಟವಳು ಬಾಗಿಲಲ್ಲೇ ನಿಂತಳು.

"ಒಂದ್ ಮಾತ್ ಕೇಳ್ಲೇನ್ರಿ? ಎಲ್ಲಾರೂ ಕಿಂಡರ್‌ಗಾರ್ಟನ್, ಕಿಂಡರ್‌ಗಾರ್ಟನ್ ಅಂತಾರಲ್ಲ... ಹಂಗಂದ್ರ ಏನ್ರಿ?"

ವಿನುತಾ ನಕ್ಕಳು. "ಅದು ಜರ್ಮನ್ ಮಾತು ಅಜ್ಜಿ. ಕಿಂಡರ್ ಅಂದ್ರ ಮಕ್ಕಳು, ಗಾರ್ಟನ್ ಅಂದ್ರ ತೋಟ. ಫ್ರೋಬೆಲ್ ಅನ್ನೋ ಮಾಸ್ತರು ನೂರೆಂಬತ್ತು ವರ್ಷದ ಹಿಂದ ತಮ್ಮ ಸಾಲಿಗೆ ಇಟ್ಟ ಹೆಸರು... ಮಕ್ಕಳ ತೋಟ!"

ಹುಲಿಗೆವ್ವನ ಮುಖ ಬಾಡಿತು.

"ತೋಟಾನ? ಬ್ಯಾಡ್ರಿ... ನಾ ಇಕಿಯಷ್ಟ ಇದ್ದಾಗ ಹಡಗಲಿಯೊಳಗ ಮಲ್ಲಿಗಿ ಮೊಗ್ಗು ಬಿಡಸಾಕ ಹೋಗ್ತಿದ್ದೆ. ನಿದ್ದಿಗಣ್ಣಾಗ ಬುಟ್ಟಿ ಹಿಡಕೊಂಡು ಅಳ್ತಿದ್ದೆ. ಮಕ್ಕಳ ತೋಟ ಅಂದ್ರ ನಂಗ ಅದ ರೀ..."

ವಿನುತಾ ಅವಳ ಕೈ ಹಿಡಿದುಕೊಂಡಳು.

"ಇದು ಆ ತೋಟ ಅಲ್ರಿ ಅಜ್ಜಿ. ಇಲ್ಲಿ ಮಕ್ಕಳು ದುಡಿಯಂಗಿಲ್ಲ. ಇಲ್ಲಿ ಮಕ್ಕಳೇ ಗಿಡ. ನೀರು ಹಾಕೋರು ನಾವು."

"ಮಕ್ಕಳೇ ಗಿಡ?"

ಹುಲಿಗೆವ್ವನ ಕಣ್ಣು ತುಂಬಿತು. "ಅಂಥಾ ತೋಟಾನೂ ಐತಿ ಅಂತ ನಂಗ ಯಾರೂ ಹೇಳಲಿಲ್ರಿ..."

"ಈಗ ಬರ್ರಿ. ಮೊಮ್ಮಗಳ ಜೋಡಿ ಇವತ್ತ ನೀವೂ ಕುಂದರ್ರಿ."

ಪುಟ್ಟ ಕುರ್ಚಿಯಲ್ಲಿ ಹಿಡಿಸದೆ ಹುಲಿಗೆವ್ವ ನೆಲದ ಮೇಲೇ ಕುಳಿತಳು. ಸಿಂಚನಾ ಅಂದು ಅಳಲಿಲ್ಲ. ಕ್ಲೇಯಲ್ಲಿ ಆನೆ ಮಾಡುವುದನ್ನು ಅಜ್ಜಿಗೆ ಕಲಿಸುವುದರಲ್ಲೇ ಮುಳುಗಿದ್ದಳು. ಸೊಂಡಿಲು ಮತ್ತೆ ಮತ್ತೆ ಉದುರಿಬಿದ್ದು ಇಬ್ಬರಿಗೂ ನಗುವೋ ನಗು...

ವಿನುತಾ ಹಾಜರಿ ಕರೆಯತೊಡಗಿದಳು. ಮಕ್ಕಳ ಹೆಸರೆಲ್ಲ ಮುಗಿದ ಮೇಲೆ ತಲೆ ಎತ್ತಿ ಕರೆದಳು...

"ಹುಲಿಗೆವ್ವ!"

ಇಡೀ ಕ್ಲಾಸು ತಿರುಗಿ ನೋಡಿತು. ಹುಲಿಗೆವ್ವ ಮೊಮ್ಮಗಳ ಕಡೆ ನೋಡಿದಳು. ಅವಳ ಹೆಸರನ್ನು ಯಾವ ಶಾಲೆಯಲ್ಲೂ ಯಾರೂ ಕರೆದಿರಲಿಲ್ಲ.

ಸಿಂಚನಾ ಕಿವಿಯಲ್ಲಿ ಪಿಸುಗುಟ್ಟಿದಳು, "ಅಜ್ಜೀ... 'ಪ್ರೆಸೆಂಟ್ ಮಿಸ್' ಅನ್ನು."

ಅರವತ್ತು ದಾಟಿದ ಹುಲಿಗೆವ್ವ ಕಣ್ಣೊರೆಸಿಕೊಂಡು ಕೈ ಎತ್ತಿದಳು...

"ಪ್ರಜೆಂಟ್ ಮಿಸ್!"

ಬಾಲ್ಯ ಸಿಗದವರನ್ನು ಪ್ರೀತಿಯಿಂದ ಹೆಸರು ಹಿಡಿದು ಕರೆದರೆ, ಅವರೊಳಗಿನ ಮಗು ಇವತ್ತಿಗೂ ಓಗೊಡುತ್ತದೆ.

ನಿಮ್ಮ ಮನೆಯ ಹಿರಿಯರ ಬಾಲ್ಯ ಹೇಗಿತ್ತು ಅಂತ ಎಂದಾದರೂ ಕೇಳಿದ್ದೀರಾ?