ನಾಲ್ಕನೇ ಸಲದ ಒಪ್ಪಿಗೆ

ಹೆಣ್ಣು ನೋಡಲು ಬಂದವರ ಮುಂದೆ ಜೋಯಿಸರು ಜಾತಕ ಬಿಡಿಸಿದರು. "ಈ ಮಗು ಮೂರು ಸಲ ಬೇಡ ಅನ್ನುತ್ತೆ, ನಾಲ್ಕನೇ ಸಲ ಒಪ್ಪುತ್ತೆ. ಹಣೇಲಿ ಹಾಗೇ ಬರ್ದಿದೆ."

"ಏನಮ್ಮ ವಾರಿಜ, ಒಪ್ಪಿಗೇನಾ?" ಎಂದು ಅಪ್ಪ ಕೇಳಿದರು.

"ನಂಗೆ ಈ ಮದುವೆ ಬೇಡ ಅಪ್ಪ."

"ಒಂದಾಯ್ತು," ಗಂಡಿನ ತಂದೆ ನಕ್ಕರು. "ನಮ್ಮ ಜೋಯಿಸರ ಮಾತು ಇವತ್ತಿನವರೆಗೆ ಸುಳ್ಳಾಗಿಲ್ಲ. ಅವರು ಕೂಡಿಸಿದ ಜಾತಕ ಅಂತಲೇ ಬಂದ್ವಿ."

ಅಪ್ಪ ಮತ್ತೆ ಕೇಳಿದರು.

"ನಿಜವಾಗ್ಲೂ ಬೇಡ."

"ಎರಡು."

ವಾರಿಜ ತುಟಿ ಕಚ್ಚಿಕೊಂಡಳು. ಬೇಡವೆಂದಷ್ಟೂ ಮದುವೆ ಹತ್ತಿರವಾಗುತ್ತಿತ್ತು.

ಅಪ್ಪ ಮೂರನೇ ಸಲ ಕೇಳಿದಾಗ ಅವಳು ತಲೆಯೆತ್ತಿ ಗಂಡಿನ ತಂದೆಯನ್ನೇ ನೋಡಿದಳು. "ಒಪ್ಪಿದೀನಿ."

ಯಾರೂ ನಗಲಿಲ್ಲ.

"ಇದೇ ಸುಳ್ಳಾದ್ಮೇಲೆ ಜಾತಕ ಕೂಡಿದ್ದನ್ನ ಹೇಗೆ ನಂಬೋದು ಸ್ವಾಮಿ?" ಎನ್ನುತ್ತ ಗಂಡಿನ ತಂದೆ ಮಗನನ್ನು ಎಬ್ಬಿಸಿಕೊಂಡು ಹೊರಟರು.