ಚಿಕ್ಕಮ್ಮನ ಕೊರಳ ಮೇಲೆ ಕೈ

ಮಗಳಿಗೆ ಕೆಮ್ಮೆಂದು ಇವತ್ತು ಜ್ಯೇಷ್ಠಮಧುವಿನ ತುಂಡು ಜಜ್ಜಿದೆ. ಆ ಸಿಹಿ ವಾಸನೆಗೆ ನನ್ನ ಅಂಗೈ ತಣ್ಣಗಾಯಿತು.

ದನಿಗೆ ಒಳ್ಳೆಯದೆಂದು ಚಿಕ್ಕಮ್ಮ ಯಾವಾಗಲೂ ಅದನ್ನೇ ಅಗಿಯುತ್ತಿದ್ದಳು. ಅವಳ ಒಂದೇ ಒಂದು ಡಿಸ್ಕೋ ಹಾಡು ಬಳ್ಳಾರಿಯ ಕ್ಯಾಸೆಟ್ ಅಂಗಡಿಗಳಲ್ಲೆಲ್ಲ ಮೊಳಗಿತ್ತು. ಆಮೇಲೆ ಅವಳು ಏನು ಹಾಡಿದರೂ ಜನಕ್ಕೆ ಅದೇ ಬೇಕಾಗಿತ್ತು. ಮನೆಯಲ್ಲಿ ಅವಳು ಅಭ್ಯಾಸ ಮಾಡುವಾಗ, ಆಗಿನ್ನೂ ಮಗುವಾಗಿದ್ದ ನಾನು ಅವಳ ಕೊರಳ ಮೇಲೆ ಕೈಯಿಡುತ್ತಿದ್ದೆ. ಒಳಗೆ ಅಕ್ಕಿ ಗಿರಣಿ ಓಡಿದಂತೆ ಗುಂಯ್‌ಗುಟ್ಟುತ್ತಿತ್ತು.

ಅವತ್ತು ಸಿರುಗುಪ್ಪದ ಮದುವೆಗೆ ನನ್ನನ್ನೂ ಕರೆದೊಯ್ದಿದ್ದಳು. ಭತ್ತ ಒಣಗಿಸುವ ಕಣದಲ್ಲೇ ಆರ್ಕೆಸ್ಟ್ರಾ. ಮಧ್ಯಾಹ್ನದ ಊಟವಾದ ಮೇಲೆ ಮಿಣಿಮಿಣಿ ಕೋಟು ತೊಟ್ಟು ಅದೇ ಹಾಡನ್ನು ಮೂರು ಸಲ ಹಾಡಿದಳು.

"ಇನ್ನೊಮ್ಮಿ ಹಾಡ್ರಿ ಅಕ್ಕಾ!"

ನಾಲ್ಕನೇ ಸಲ ಬಾಯಿ ತೆರೆದಳು. ದನಿ ಬರಲಿಲ್ಲ.

"ಲೇ, ಮೈಕ್ ಕೆಟ್ಟೈತಿ, ನೋಡಲೇ!" ಎಂದು ಯಾರೋ ಕೂಗಿದರು. ಮುಂದೆಯೇ ಕೂತಿದ್ದ ನನಗೆ ಅವಳ ಕೊರಳಿನ ನರಗಳು ಉಬ್ಬಿದ್ದು ಕಾಣುತ್ತಿತ್ತು. ಅವಳು ನಗುತ್ತಲೇ ಮೈಕನ್ನು ಜನರತ್ತ ಚಾಚಿದಳು. ಇಡೀ ಕಣ ಒಂದು ಪದವೂ ತಪ್ಪದೆ ಹಾಡಿತು. ಮೈಕ್ ಚೆನ್ನಾಗಿಯೇ ಇತ್ತು.

"ಇಂಥಾ ಪ್ರೋಗ್ರಾಂ ನಮ್ಮೂರಾಗ ಆಗೇ ಇಲ್ಲ ಬಿಡ್ರಿ" ಎಂದು ಮದುಮಗನ ಅಪ್ಪ ಅವಳಿಗೆ ಶಾಲು ಹೊದಿಸಿದರು. ಅವಳು ಸುಮ್ಮನೆ ಕೈ ಮುಗಿದಳು.

ಬಳ್ಳಾರಿ ಬಸ್ಸಿನಲ್ಲಿ, "ಚಿಕ್ಕಮ್ಮಾ, ಏನಾರ ಮಾತಾಡು" ಎಂದೆ. ಅವಳು ನನ್ನ ಕೈ ಎಳೆದು ಕೊರಳ ಮೇಲಿಟ್ಟುಕೊಂಡು, ಆ ಹಾಡಿನ ಮೊದಲ ಸಾಲಿಗೆ ತುಟಿಯಾಡಿಸಿದಳು.

ಅಂಗೈಗೆ ಬಸ್ಸಿನ ನಡುಕವಷ್ಟೇ ಸಿಕ್ಕಿತು.