ಕಚ್ಚಿದ ಗುರುತು

ಅಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಎದುರಿನ ಫ್ಲೈಓವರ್ ಅರ್ಧಕ್ಕೇ ಮುಗಿದುಹೋದಂತೆ ಕಾಣುತ್ತಿತ್ತು. ದಂತ ಕಾಲೇಜಿನ ಪ್ರಯೋಗಾಲಯದ ಬಾಗಿಲಲ್ಲಿ ಮಲ್ಕಾಜ್‌ಗಿರಿಯ ಗುರುಬಾಯಿ ಚಪ್ಪಲಿ ಕಳಚಿ, ಗುಡಿಗೆ ಬಂದವಳಂತೆ ಒಳಗೆ ಬಂದಳು.

“ಬಾಯಾರ, ಜೂನ್ ತಿಂಗಳಾಗ ಸಾಲಿಗೆ ಬಂದು ನನ್ನ ಮಗಳು ನೀಲಾನ ಹಲ್ಲಿನ ಅಚ್ಚು ತಗೊಂಡಿದ್ರಿ. ಅದನ್ನ ಕೊಡ್ರಿ. ದೀಪಾವಳಿ ಮುಂದ ಜ್ವರ ಬಂದು ಹೋದ್ಲರಿ ಅಕಿ.”

ಡಾಕ್ಟರ್ ಅನುರಾಧಾ ಕುರ್ಚಿಯಿಂದ ಎದ್ದರು. ಒಬ್ಬರ ಹಲ್ಲಿಗಿಂತ ಇನ್ನೊಬ್ಬರ ಹಲ್ಲಿನ ಆಕಾರ ಹೇಗೆ ಬೇರೆ ಎಂಬುದು ಅವರ ಅಧ್ಯಯನ. ಹಿಂದಿನ ಕಪಾಟಿನ ತುಂಬ ಬಿಳಿಯ ಪ್ಲಾಸ್ಟರ್ ಅಚ್ಚುಗಳು, ಬಾಯಿ ತೆರೆದು ಸುಮ್ಮನೆ ಕೂತಿದ್ದವು.

“ಅಚ್ಚಿನ ಮ್ಯಾಲ ಹೆಸರು ಇಡಬಾರದು ಅಂತ ನಿಯಮ ಐತ್ರಿ, ಅಳಿಸೇವಿ. ಬರೇ ನಂಬರ್ ಅದಾವ. ಅರವತ್ತು ಹುಡುಗ್ಯಾರದಾಗ ನಿಮ್ಮಕಿದು ಯಾವುದಂತ ಹುಡುಕ್ಲಿ? ಮನ್ಯಾಗ ಫೋಟೋ ಇಲ್ಲೇನು?”

“ಐತ್ರಿ. ಮುಟ್ಟಿದ್ರ ನುಣ್ಣಗ ಹತ್ತತೈತಿ.” ಗುರುಬಾಯಿ ಕಪಾಟನ್ನೇ ನೋಡುತ್ತ ಅಂದಳು, “ಶಿವ ಒಬ್ರ ಹಲ್ಲಿನಂಗ ಇನ್ನೊಬ್ರದು ಮಾಡಿಲ್ಲ ಅಂತ ಅವತ್ತು ನೀವ ಹೇಳಿದ್ರಂತ. ಅಕಿ ಮನಿಗೆ ಬಂದು ಕುಣದಾಡಿದ್ಲು.”

ಗುರುಬಾಯಿ ಬಳೆಗಳನ್ನು ಮೇಲೆ ಸರಿಸಿದಳು. ಮುಂಗೈ ಮೇಲೆ ಎಳೆಚಂದ್ರನಂತೆ ಬಾಗಿದ ಆರು ಕಂದು ಚುಕ್ಕೆಗಳು.

“ದವಾಖಾನ್ಯಾಗ ಸೂಜಿ ಚುಚ್ಚೂಮುಂದ ಕಚ್ಚಿದ್ದು. ನನಗ ಉಳದದ್ದು ಇದೊಂದ. ಇದೂ ಮಾಸಾಕತ್ತೈತ್ರಿ.”

ಅನುರಾಧಾ ದೀಪವನ್ನು ಬಗ್ಗಿಸಿ, ಚುಕ್ಕೆಯಿಂದ ಚುಕ್ಕೆಗೆ ಕ್ಯಾಲಿಪರ್ ಇಟ್ಟು ಅಳೆದರು. ಮುಂದಿನ ಎರಡು ಹಲ್ಲುಗಳ ನಡುವಿನ ಸಂದನ್ನು ಕಂಪ್ಯೂಟರಿನಲ್ಲಿದ್ದ ಅಳತೆಗಳಲ್ಲಿ ಹುಡುಕಿದಾಗ ಅರವತ್ತರಲ್ಲಿ ಹನ್ನೊಂದು ಅಚ್ಚುಗಳು ಉಳಿದವು. ಪಕ್ಕದ ಹಲ್ಲಿನ ಅಗಲ ನೋಡಿದಾಗ ಮೂರು. ಗುರುತಿನಲ್ಲಿದ್ದಂತೆಯೇ ಆ ಹಲ್ಲು ತುಸು ಒಳಕ್ಕೆ ತಿರುಗಿದ್ದು ಒಂದರಲ್ಲಿ ಮಾತ್ರ.

ಹದಿನೇಳನೆಯ ಅಚ್ಚನ್ನು ತೆಗೆದು, ಒದ್ದೆ ಬಟ್ಟೆಯಿಂದ ಅದರ ತಳದ ನಂಬರನ್ನು ಒರೆಸಿ, ಎರಡೂ ಕೈಗಳಲ್ಲಿ ಹಿಡಿದು ಕೊಡಹೋದರು. ಗುರುಬಾಯಿ ಅಂಗೈ ಚಾಚಲಿಲ್ಲ. ಮುಂಗೈಯನ್ನು ಮುಂದಿಟ್ಟು ಕಣ್ಣು ಮುಚ್ಚಿದಳು.

ಅನುರಾಧಾಗೆ ತಿಳಿಯಿತು. ಆರು ಹಲ್ಲುಗಳನ್ನು ಆರು ಚುಕ್ಕೆಗಳ ಮೇಲೆ ಮೆಲ್ಲಗೆ ಇಟ್ಟರು.

“ಅಷ್ಟು ಮೆಲ್ಲಕ ಅಲ್ರಿ, ಬಾಯಾರ,” ಅಂದಳು ಗುರುಬಾಯಿ. “ಅಕಿ ಜೋರ್ ಕಚ್ಚಿದ್ಲು.”